ಲಿಫ್ಟಣ್ಣನ ಕೊನೆಯ ಗಿರಾಕಿ

ಗುಳ್ಳೆ ಒಡೆಯುವುದನ್ನು ಕಣ್ಣಾರೆ ನೋಡದೆ ತಾನು ಸಾಯುವ ಪ್ರಶ್ನೆಯೇ ಇಲ್ಲ ಎಂದು ಲಿಫ್ಟಣ್ಣ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆಯದೆ. ಹಾಗಾಗಿ ಮೊದಲ ಸಲ ಯಾರಿಗೂ ಅರ್ಥವಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು, ಟವೆಲ್ಲನ್ನು ಸನ್ಮಾನದ ಶಾಲಿನಂತೆ ಹೊದ್ದು, ಎರಡನೆಯ ಸಲ ಘೋಷಿಸಿದರು.

"ಷೇರುಪೇಟೆಯ ಈ ಗುಳ್ಳೆ ಒಡೆಯುತ್ತೆ. ಯಾವತ್ತು ಒಡೆಯುತ್ತೆ ಅಂತ ಎಲ್ಲರಿಗಿಂತ ಮೊದಲು ಹೇಳೋನು ನಾನೇ. ಅದನ್ನ ನೋಡ್ದೆ ಈ ಜೀವ ಹೋಗಲ್ಲ. ನೆನಪಿಟ್ಕೊಳ್ಳಿ."

ನೆನಪಿಟ್ಟುಕೊಳ್ಳಬೇಕಾದವರು ಇಬ್ಬರೇ ಇದ್ದರು. ಒಬ್ಬರು ಎದುರು ಮನೆಯ ಮೇಷ್ಟ್ರು. ಪೇಪರ್ ಹಂಚಿಕೊಂಡು ಓದುವ ನೆಪದಲ್ಲಿ ದಿನಾ ಬೆಳಿಗ್ಗೆ ಬಂದು ಕಾಫಿ ಕುಡಿದು ಹೋಗುವವರು. ಇನ್ನೊಬ್ಬರು ಲಿಫ್ಟಣ್ಣನ ಹೆಂಡತಿ. ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತು, ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪನ್ನು ಬಿಚ್ಚುತ್ತಿದ್ದರು. ಜಿಪ್ಪು ಬದಲಿಸುವುದು, ಸೊಂಟ ಬಿಡಿಸುವುದು, ಉದ್ದ ಕಡಿಮೆ ಮಾಡುವುದು ಅವರ ಕಸುಬು. ಕಟ್ಟಡದವರಿಗೆಲ್ಲ ಅವರು ಹೊಲಿಗೆಯಮ್ಮ.

"ಮೊದ್ಲು ಗಲ್ಲಕ್ಕೆ ಮೆತ್ಕೊಂಡಿರೋ ಪೇಸ್ಟ್ ಒರೆಸ್ಕೊಳ್ಳಿ," ಎಂದರು ಹೊಲಿಗೆಯಮ್ಮ ತಲೆ ಎತ್ತದೆ. "ಗುಳ್ಳೆ ಅಲ್ಲೇ ಒಡೀತಾ ಇದೆ."

ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು.

ಲಿಫ್ಟಣ್ಣ ದುಡಿಯುವ ವಯಸ್ಸೆಲ್ಲ ಲಿಫ್ಟುಗಳ ರಿಪೇರಿಯಲ್ಲಿ ಕಳೆದು ನಿವೃತ್ತರಾದವರು. ಲೋಕದ ಯಾವ ಸಂಗತಿಯನ್ನಾದರೂ ಅವರು ಅಳೆಯುತ್ತಿದ್ದದ್ದು ಆ ಒಂದೇ ಗಜಕಡ್ಡಿಯಿಂದ. ಅವರ ಪ್ರಕಾರ ಮನುಷ್ಯರಲ್ಲಿ ಇರುವುದೇ ಎರಡು ಬಗೆ: ಬಟನ್ನನ್ನು ಒಂದು ಸಲ ಒತ್ತಿ ಸುಮ್ಮನೆ ನಿಲ್ಲುವವರು, ಲಿಫ್ಟು ಬರುವ ತನಕ ಒತ್ತುತ್ತಲೇ ಇರುವವರು. ಷೇರು ಕೊಳ್ಳುವವರೆಲ್ಲ ಎರಡನೆಯ ಬಗೆ.

"ಷೇರುಪೇಟೆಗೂ ಲಿಫ್ಟಿಗೂ ಎಲ್ಲಿಂದೆಲ್ಲಿಯ ಸಂಬಂಧ?" ಎಂದು ಮೇಷ್ಟ್ರು ಕೇಳಿದರೆ ಮುಗಿಯಿತು. ಜೀವಮಾನವೆಲ್ಲ ಪಾಠ ಹೇಳಿದವರಿಗೇ ಪಾಠ ಹೇಳುವ ಸುಖದಲ್ಲಿ ಲಿಫ್ಟಣ್ಣ ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದರು.

"ನೋಡಿ ಮೇಷ್ಟ್ರೇ, ಗುಳ್ಳೆ ಅಂತ ಹೆಸರಿಟ್ಟವನು ಶುದ್ಧ ದಡ್ಡ. ಗುಳ್ಳೆ ಯಾವಾಗ ಒಡೆಯುತ್ತೆ ಅಂತ ಹೇಳೋಕೆ ಬರಲ್ಲ. ಇದು ಲಿಫ್ಟು. ಒಬ್ಬ ಹತ್ತಿದ, ಸರಿ. ಇನ್ನೊಬ್ಬ ಹತ್ತಿದ, ಸರಿ. ಜಾಗ ಇಲ್ಲದಿದ್ರೂ ಹೊಟ್ಟೆ ಒಳಗೆಳ್ಕೊಂಡು ಮತ್ತೊಬ್ಬ ತೂರ್ಕೊಳ್ತಾನೆ. ಕಟ್ಟಕಡೆಯವನು ಒಂದು ಕಾಲು ಒಳಗಿಟ್ಟ ನೋಡಿ, ಓವರ್‌ಲೋಡ್ ಗಂಟೆ ಹೊಡೆಯುತ್ತೆ. ಆಮೇಲೆ ಮೇಲಕ್ಕೆ ಹೋಗೋ ಮಾತಿಲ್ಲ. ಷೇರು ಕೊಳ್ಳೋ ಕಟ್ಟಕಡೆಯ ಗಿರಾಕಿ ಯಾರು ಅಂತ ತಿಳಿದ್ರೆ ಸಾಕು. ಅವನು ಕಾಲಿಟ್ಟ ದಿನವೇ ಪೇಟೆ ಬೀಳೋ ದಿನ."

"ಹಿಂದೆ ಒಂದು ದೇಶದಲ್ಲಿ ಹೂವಿನ ಗೆಡ್ಡೆ ಕೊಳ್ಳೋಕೆ ಅಂತ ಜನ ಮನೆ ಮಾರಿದ್ರಂತೆ..." ಎಂದು ಮೇಷ್ಟ್ರು ಇತಿಹಾಸದ ಕಡೆಗೆ ಹೊರಳಿದರೆ, "ಅವರ ಕಾಲಕ್ಕೆ ಲಿಫ್ಟ್ ಇರಲಿಲ್ಲ, ಪಾಪ. ಅದಕ್ಕೇ ಗೊತ್ತಾಗ್ಲಿಲ್ಲ," ಎಂದು ಅಲ್ಲಿಗೇ ಬಾಗಿಲು ಹಾಕುತ್ತಿದ್ದರು.

ತಮ್ಮ ಪಾಲಿಗಿದ್ದ ಒಂದಿಷ್ಟು ಷೇರನ್ನು ಅವರು ಬಹಳ ಹಿಂದೆಯೇ ಮಾರಿ, 'ನಾನು ಇಳಿದು ಕೆಳಗೆ ನಿಂತಿದ್ದೇನೆ' ಎಂದು ಎದೆ ಉಬ್ಬಿಸಿಕೊಂಡಿದ್ದರು. ಇವರು ಇಳಿಯಲಿ ಎಂದೇ ಕಾದಿದ್ದಂತೆ ಮರುದಿನದಿಂದ ಪೇಟೆ ಏರತೊಡಗಿತು. ಏರಿತು, ಏರಿತು, ಏರುತ್ತಲೇ ಇತ್ತು. ಐದನೇ ಮಹಡಿಯ ಹಲ್ಲಿನ ಡಾಕ್ಟರು ಹೊಸ ಕಾರು ತಂದರು. ಎದುರಿಗೆ ಸಿಕ್ಕಾಗಲೆಲ್ಲ, "ಏನ್ ಲಿಫ್ಟಣ್ಣ, ಇನ್ನೂ ಗ್ರೌಂಡ್ ಫ್ಲೋರಲ್ಲೇ ಇದ್ದೀರಾ?" ಎನ್ನುತ್ತಿದ್ದರು.

"ಗ್ರೌಂಡ್ ಫ್ಲೋರಿನಿಂದ ಬಿದ್ದು ಸತ್ತೋರು ಯಾರೂ ಇಲ್ಲ ಡಾಕ್ಟ್ರೇ," ಎಂದು ಲಿಫ್ಟಣ್ಣ ನಗುತ್ತಿದ್ದರು. ಮನೆಗೆ ಬಂದು ಮಾತ್ರ ಕಾಫಿಗೆ ಸಕ್ಕರೆ ಸಾಲದು ಎಂದು ಜಗಳ ತೆಗೆಯುತ್ತಿದ್ದರು.

ಕಟ್ಟಕಡೆಯ ಗಿರಾಕಿ ಯಾರು ಎಂಬ ಶೋಧನೆ ಬಹಳ ದಿನ ನಡೆಯಿತು. ಕ್ಷೌರದವನು ಇರಬಹುದು ಎಂದುಕೊಂಡರು. ಅವನು ಕತ್ತರಿ ಆಡಿಸುತ್ತಲೇ ತಾನು ಕೊಂಡ ಷೇರುಗಳ ಹೆಸರು ಹೇಳಿ, ಇವರ ಕಿವಿಯ ಪಕ್ಕದ ಕೂದಲನ್ನು ಹೆಚ್ಚಾಗಿಯೇ ತೆಗೆದ. ಹಾಲಿನವನೂ ಹತ್ತಿಯಾಗಿತ್ತು. ಹಲ್ಲಿನ ಡಾಕ್ಟರ ತಾಯಿ, ಕಣ್ಣೇ ಕಾಣದವರು, ಅವರೂ ಹತ್ತಿದ್ದರು. ಇನ್ನು ಉಳಿದವರು ಯಾರು ಎಂದು ಊರೆಲ್ಲ ಹುಡುಕಿ ಸುಸ್ತಾಗಿ ಮನೆಗೆ ಬಂದರೆ, ಕಿಟಕಿ ಪಕ್ಕದಲ್ಲಿ ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದರು ಹೊಲಿಗೆಯಮ್ಮ.

ಷೇರು ಎಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ಮುಟ್ಟಿ ನೋಡೋಕೆ ಆಗಲ್ಲ, ಜಗ್ಗಿ ನೋಡೋಕೆ ಆಗಲ್ಲ. ಬಣ್ಣ ಬಿಡುತ್ತೋ ಇಲ್ವೋ ಅಂತ ಒಗೆದು ನೋಡೋಕೂ ಆಗಲ್ಲ. ಅಂಥದ್ದನ್ನ ಕೊಳ್ಳೋರು ಕೊಳ್ಳಲಿ," ಎಂದು ಒಂದೇ ಸಲ ಹೇಳಿ ಆ ಅಧ್ಯಾಯ ಮುಗಿಸಿದ್ದರು.

ಲಿಫ್ಟಣ್ಣ ಮೇಷ್ಟ್ರನ್ನು ಮೆಟ್ಟಿಲ ಹತ್ತಿರ ಎಳೆದೊಯ್ದು ಪಿಸುಗುಟ್ಟಿದರು. "ಸಿಕ್ಕಿಬಿಟ್ಳು. ಇವಳಾಗಿ ಇವಳೇ ಬಂದು, 'ರೀ, ಯಾವ ಷೇರು ತಗೊಳ್ಳಲಿ?' ಅಂತ ಯಾವತ್ತು ಕೇಳ್ತಾಳೋ, ಅವತ್ತು ಗಂಟೆ. ಆದ್ರೆ ತಾನಾಗಿ ಕೇಳ್ಬೇಕು. ಯಾರೂ ಎತ್ತಿಕೊಡಬಾರದು. ನೀವು ಬಾಯಿ ಬಿಟ್ಟೀರಿ ಮತ್ತೆ."

ಮೇಷ್ಟ್ರು ಬಾಯಿ ಬಿಡಲು ಸಂಜೆಯವರೆಗೂ ಹಿಡಿಯಲಿಲ್ಲ. ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ಬಂದು, "ಅತ್ತಿಗೆ, ಇನ್ನು ಲೋಕದ ಷೇರುಪೇಟೆಯೆಲ್ಲ ನಿಮ್ಮ ನಾಲಿಗೆ ಮೇಲೆ ನಿಂತಿದೆಯಂತೆ," ಎಂದು ಪೂರ್ತಿ ಕಥೆ ಒಪ್ಪಿಸಿದರು.

ಹೊಲಿಗೆಯಮ್ಮ ಬಾಯಿಂದ ಒಂದೊಂದೇ ಗುಂಡುಪಿನ್ನು ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ಅವರಿಗೊಂದು ಆಟ ಸಿಕ್ಕಿತು. ಲಿಫ್ಟಣ್ಣ ಪೇಪರಿನ ವಾಣಿಜ್ಯ ಪುಟದಲ್ಲಿ ಮುಖ ಹುದುಗಿಸಿರುವಾಗ ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಲ್ಲುವರು.

"ರೀ, ಒಂದು ಮಾತು ಕೇಳ್ಲಾ?"

ಪೇಪರು ಕೆಳಗಿಳಿಯುತ್ತಿತ್ತು. ಕನ್ನಡಕ ಮೇಲೇರುತ್ತಿತ್ತು. "ಕೇಳು, ಕೇಳು. ಸಂಕೋಚ ಬೇಡ. ಏನಿದ್ರೂ ಕೇಳು."

"ಬೇಜಾರು ಮಾಡ್ಕೋಬಾರದು."

"ಛೆ ಛೆ. ಕೇಳು ಅಂದ್ನಲ್ಲ."

"ಬಚ್ಚಲುಮನೆ ಬಲ್ಬು ಯಾವತ್ತು ಹಾಕ್ತೀರಿ?"

ಲಿಫ್ಟಣ್ಣ ಪೇಪರಿನ ಹಿಂದೆ ಸರಿಯುತ್ತಿದ್ದರು, ಪರದೆಯ ಹಿಂದೆ ಸರಿಯುವ ಸೋತ ರಾಜನಂತೆ.

ಆ ಆಟ ಆಟವಾಗಿಯೇ ಉಳಿಯಬಹುದಿತ್ತು. ಆದರೆ ಲಿಫ್ಟಣ್ಣ ಮೆಟ್ಟಿಲು ಹತ್ತುವುದನ್ನು ಹೊಲಿಗೆಯಮ್ಮ ಒಂದು ದಿನ ಮೇಲಿನಿಂದ ಬಗ್ಗಿ ನೋಡಿದರು.

ಲಿಫ್ಟಣ್ಣ ಲಿಫ್ಟು ಹತ್ತುತ್ತಿರಲಿಲ್ಲ. "ಅಡುಗೆಯವನು ಹೋಟೆಲಲ್ಲಿ ಉಣ್ಣಲ್ಲ," ಎನ್ನುವುದು ಅವರ ಜಂಭ. ಅವತ್ತು ಕೈಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದವರು ಪ್ರತಿ ಮಹಡಿಗೂ ನಿಂತು, ಚೀಲ ಕೆಳಗಿಟ್ಟು, ಲಿಫ್ಟಿನ ಬಾಗಿಲಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಯಾರಾದರೂ ಹಾದುಹೋದರೆ, "ರೋಪಿನ ಸದ್ದು ಸರಿ ಇಲ್ಲ," ಎನ್ನುತ್ತಿದ್ದರು. ಹೋದ ಮೇಲೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದರು.

ಲಿಫ್ಟಿನ ರೋಪಿನಲ್ಲಿ ಏನೂ ಆಗಿಲ್ಲವೆಂದು ಹೊಲಿಗೆಯಮ್ಮನಿಗೆ ಗೊತ್ತಾಯಿತು.

ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನಗೇನಾಗುತ್ತೆ? ಗುಳ್ಳೆ ಒಡೆಯೋ ತನಕ ನಾನು ಎಲ್ಲಿಗೂ ಹೋಗಲ್ಲ ಅಂತ ಹೇಳಿಲ್ವಾ?" ಎಂದರು. ಕೊನೆಗೂ ಒಮ್ಮೆ ಎಳೆದೊಯ್ದಾಗ ಡಾಕ್ಟರು ಎದೆಯ ಚಿತ್ರ ನೋಡಿ, ಗುಳಿಗೆ ಬರೆದು, "ಮೆಟ್ಟಿಲು ಬೇಡ, ಆತುರ ಬೇಡ, ಸಿಟ್ಟು ಬೇಡ," ಎಂದರು. ಹೊರಗೆ ಬಂದ ಮೇಲೆ ಲಿಫ್ಟಣ್ಣ ಹೇಳಿದರು: "ಡಾಕ್ಟರ ಮೇಜಿನ ಮೇಲೆ ಫೋನ್ ನೋಡಿದ್ಯಾ? ಪರದೆ ತುಂಬ ಷೇರು. ಅವನೂ ಹತ್ತಿದ್ದಾನೆ."

ಅವತ್ತಿನಿಂದ ಹೊಲಿಗೆಯಮ್ಮ 'ಒಂದು ಮಾತು ಕೇಳ್ಲಾ' ಎನ್ನುವುದನ್ನು ಬಿಟ್ಟರು. ಅವರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು. ನಾನು ಕೇಳಿದರೆ ಗಂಟೆ. ಗಂಟೆ ಹೊಡೆದರೆ ಪೇಟೆ ಬೀಳುತ್ತದೆ. ಬಿದ್ದರೆ ಇವರು ಕಾದದ್ದು ಮುಗಿಯುತ್ತದೆ. ಕಾಯುವುದಕ್ಕೆ ಏನೂ ಇಲ್ಲದ ಮನುಷ್ಯ ಎಷ್ಟು ದಿನ ಇದ್ದಾನು? ಇದು ಹುಚ್ಚು ಲೆಕ್ಕ ಎಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದರೂ, ಗಂಟು ಹಾಕದೆ ದಾರ ಕತ್ತರಿಸುವ ಧೈರ್ಯ ಅವರ ಕೈಗೆ ಎಂದೂ ಬಂದಿರಲಿಲ್ಲ. ಜಪ್ಪಯ್ಯ ಅಂದರೂ ತಾನು ಕೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡರು. ಪೇಟೆ ಏರುತ್ತಲೇ ಇರಲಿ. ಹಲ್ಲಿನ ಡಾಕ್ಟರು ಇನ್ನೊಂದು ಕಾರು ತರಲಿ.

ಇತ್ತ ಹೆಂಡತಿಯ ಆಟ ನಿಂತದ್ದು ಕಂಡು ಲಿಫ್ಟಣ್ಣನಿಗೆ ಬೇರೆಯೇ ಅನುಮಾನ ಬಂತು: ಯಾರೋ ಇವಳ ಕಿವಿ ಊದಿದ್ದಾರೆ. ಇನ್ನು ಮೇಲೆ ಮನೆಯೊಳಗೆ ಷೇರಿನ ಮಾತು ನುಸುಳದಂತೆ ಕಾಯಬೇಕು ಎಂದು ಬಾಗಿಲ ಬಳಿ ಸ್ಟೂಲು ಹಾಕಿ ಕೂತರು. ಪ್ಯಾಂಟು, ಸ್ಕರ್ಟು, ಕೋಟು ಹಿಡಿದು ಬಂದವರನ್ನೆಲ್ಲ ತಡೆದು, ದನಿ ತಗ್ಗಿಸಿ, "ಒಳಗೆ ಹೋಗಿ. ಆದ್ರೆ ಅವಳ ಹತ್ತಿರ ಷೇರಿನ ವಿಷಯ ಮಾತ್ರ ಎತ್ತಬೇಡಿ," ಎನ್ನತೊಡಗಿದರು.

ಬೇಡ ಎಂದ ಬಾಗಿಲನ್ನು ತಟ್ಟದವರು ಯಾರು? ಆ ತನಕ ಜಿಪ್ಪಿನ ಹೊರತು ಬೇರೇನೂ ಯೋಚಿಸದೆ ಬರುತ್ತಿದ್ದವರ ತಲೆಯಲ್ಲೂ ಹುಳ ಹೊಕ್ಕಿತು. ಹೊಲಿಗೆಯಮ್ಮನಿಗೆ ಏನೋ ಗೊತ್ತಿದೆ. ಗಂಡ ಕಾವಲು ಕೂತಿದ್ದಾರೆ ಎಂದರೆ ಸಣ್ಣ ವಿಷಯವಲ್ಲ.

ಮೊದಲು ವಿಚಾರಿಸಿದವರು ಔಷಧಿ ಅಂಗಡಿಯವರು. ಸೊಂಟದ ಅಳತೆ ಕೊಡುತ್ತಾ ಬಗ್ಗಿ, "ಅಮ್ಮಾ, ನನ್ನ ಹತ್ತಿರ ಇರೋದನ್ನ ಮಾರಿಬಿಡ್ಲಾ?" ಎಂದು ಕೇಳಿದರು. ಟೇಪು ಹಿಡಿದಿದ್ದ ಹೊಲಿಗೆಯಮ್ಮ, "ಅಲ್ಲಾಡಬೇಡಿ. ಹಾಗೇ ಇರಿ," ಎಂದರು.

ಔಷಧಿ ಅಂಗಡಿಯವರು ಹಾಗೇ ಇದ್ದರು. ಪೇಟೆ ಎಂದಿನಂತೆ ಏರಿತು. ಅವರು ಸಿಹಿಯ ಪೊಟ್ಟಣ ತಂದುಕೊಟ್ಟು ಹೋದರು. ಅದಾದ ಮೇಲೆ ಚೆನ್ನಾಗಿದ್ದ ಪ್ಯಾಂಟುಗಳ ಜಿಪ್ಪುಗಳೂ ಕಿತ್ತುಹೋಗತೊಡಗಿದವು. ಒಬ್ಬರಂತೂ ಹೊಸ ಕೋಟಿನ ತೋಳನ್ನು ತಾವೇ ಹರಿದುಕೊಂಡು ಬಂದರು. ಹೊಲಿಗೆಯಮ್ಮ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ: "ನನಗೇನ್ರೀ ಗೊತ್ತು? ನೆಟ್ಟಗೆ ನಿಂತ್ಕೊಳ್ಳಿ." ನೆಟ್ಟಗೆ ನಿಂತವರಿಗೆಲ್ಲ ಲಾಭ ಬಂತು.

ಲಿಫ್ಟಣ್ಣನಿಗೆ ವಿಷಯ ತಿಳಿದದ್ದು ಎಲ್ಲರಿಗಿಂತ ಕೊನೆಗೆ, ಅದೂ ಮೇಷ್ಟ್ರ ಬಾಯಿಂದ. ಅವರು ಸ್ಟೂಲಿನಿಂದ ಎದ್ದು ಒಳಗೆ ಬಂದರು.

"ಏನೇ ಇದು? ಕಟ್ಟಕಡೆಯ ಗಿರಾಕಿ ಆಗ್ತೀಯ ಅಂತ ಕಾದು ಕೂತ್ರೆ ನೀನು ದಲ್ಲಾಳಿ ಆಗಿ ಕೂತಿದ್ದೀಯ?"

"ಬಾಗಿಲಲ್ಲಿ ಕೂತು ಡಂಗುರ ಹೊಡೆದೋರು ಯಾರು?"

"ನಿನಗೆ ಎಲ್ಲಾ ಗೊತ್ತಿತ್ತಾ ಹಾಗಾದ್ರೆ?"

"ಅವತ್ತು ಸಂಜೆಯಿಂದಲೇ ಗೊತ್ತು."

ಲಿಫ್ಟಣ್ಣ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಮ್ಮ ಕೋಟಿನ ಗುಂಡಿಯನ್ನು ಪರೀಕ್ಷಿಸುತ್ತಾ ನಿಂತರು. ಅಷ್ಟರಲ್ಲಿ ಹೊರಗಿನಿಂದ ಕರ್ರ್ ಎಂದು ಗಂಟೆಯ ಸದ್ದು ಕೇಳಿಸಿತು. ಎಲ್ಲರೂ ಬೆಚ್ಚಿದರು. ಅದು ಷೇರುಪೇಟೆಯ ಗಂಟೆಯಲ್ಲ, ಕಟ್ಟಡದ ಲಿಫ್ಟಿನದು. ಗಂಟೆ ಹೊಡೆಯುತ್ತಲೇ ಲಿಫ್ಟು ಕೆಳಗಿನಿಂದ ಹೊರಟಿತು. ಹಳೆಯ ಲಿಫ್ಟು, ಗಂಟೆ ಹೊಡೆಯಬಲ್ಲದು, ಹತ್ತಿದವರನ್ನು ತಡೆಯಬಲ್ಲ ತಾಕತ್ತು ಅದಕ್ಕಿಲ್ಲ. ಎರಡು ಮಹಡಿಗಳ ನಡುವೆ ಬಂದು ಗಕ್ಕನೆ ನಿಂತಿತು. ಒಳಗಿನಿಂದ ಕೂಗಾಟ ಎದ್ದಿತು. ಹೊಲಿಗೆಯಮ್ಮನನ್ನು ಕಾಣಲು ಪ್ಯಾಂಟು, ಕೋಟು ಹಿಡಿದು ಒಟ್ಟಿಗೇ ಹೊರಟಿದ್ದ ಗಿರಾಕಿಗಳ ಕೂಗಾಟ ಅದು.

"ಕಂಪನಿಗೆ ಫೋನ್ ಮಾಡಿ," ಎಂದರು ಮೇಷ್ಟ್ರು.

"ಕಂಪನಿ ಬರೋಷ್ಟರಲ್ಲಿ ಇವರೆಲ್ಲ ಒಬ್ಬರನ್ನೊಬ್ಬರು ತಿಂದ್ಹಾಕಿರ್ತಾರೆ," ಎಂದು ಲಿಫ್ಟಣ್ಣ ಹೊರಟೇಬಿಟ್ಟರು. "ರೀ, ಮೆಟ್ಟಿಲು ಬೇಡ," ಎಂದು ಹೊಲಿಗೆಯಮ್ಮ ಕೂಗಿದ್ದು ಅವರ ಬೆನ್ನಿಗೆ ತಗುಲಿ ಕೆಳಗೆ ಬಿತ್ತು. ತುದಿಯ ಮಹಡಿಯ ಮೇಲಿನ ಮೆಷಿನ್ ರೂಮಿನ ತನಕ ಅವರು ಎಲ್ಲೂ ನಿಲ್ಲಲಿಲ್ಲ, ಯಾವ ಬಾಗಿಲಿಗೂ ಕಿವಿ ಕೊಡಲಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಿ ಲಿಫ್ಟನ್ನು ಇಂಚಿಂಚಾಗಿ ಮಹಡಿಯ ಮಟ್ಟಕ್ಕೆ ಇಳಿಸಿದರು. ಆಮೇಲೆ ಇಳಿದು ಬಂದು ತಾವೇ ಬಾಗಿಲು ಎಳೆದರು. ಬೆವೆತವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೊನೆಗೆ ಬಂದವರು ಹಲ್ಲಿನ ಡಾಕ್ಟರು, ಕೈಯಲ್ಲಿ ಒಂದು ಪ್ಯಾಂಟು.

"ಗಂಟೆ ಹೊಡೀತಲ್ಲ, ಯಾರೂ ಯಾಕ್ರೀ ಇಳೀಲಿಲ್ಲ?" ಎಂದು ಲಿಫ್ಟಣ್ಣ ಏದುಸಿರಿನ ನಡುವೆ ಕೇಳಿದರು.

"ಎಲ್ಲರಿಗೂ ಕೇಳಿಸ್ತು," ಎಂದರು ಹಲ್ಲಿನ ಡಾಕ್ಟರು. "ಬೇರೆ ಯಾರಾದ್ರೂ ಇಳೀತಾರೆ ಅಂದ್ಕೊಂಡ್ವಿ."

ಲಿಫ್ಟಣ್ಣ ನಗಲು ಹೋದರು. "ಕೇಳಿಸ್ಕೊಂಡ್ರಾ ಮೇಷ್ಟ್ರೇ, ಇಷ್ಟೇ ನೋಡಿ ಷೇರುಪೇಟೆ..." ಎನ್ನುತ್ತಾ ಮೆಟ್ಟಿಲ ಮೇಲೆ ಕೂತರು. ಕೂತವರು ಏಳಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, ಹಿಂದೆಯೇ ಓಡಿಬಂದಿದ್ದ ಹೆಂಡತಿಯ ಕಡೆ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನೋಡಿದರು.

ಪಕ್ಕದ ಬೀದಿಯ ಸಣ್ಣ ಆಸ್ಪತ್ರೆಯಲ್ಲಿ ಅವರಿಗೆ ಮಂಚ ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ, ಲಿಫ್ಟಿಗೆ ಅಂಟಿಕೊಂಡ ಕೋಣೆಯಲ್ಲಿ. ಸದ್ದಾಗುತ್ತದೆಂದು ಬೇರೆಯವರು ಬೇಡ ಎನ್ನುತ್ತಿದ್ದ ಕೋಣೆಯದು. ಇವರಿಗೆ ಅದೇ ಅರಮನೆ. ಮೂಗಿಗೆ ನಳಿಕೆ, ಕೈಗೆ ಸೂಜಿ, ಕಿವಿ ಮಾತ್ರ ಗೋಡೆಯ ಆಚೆ.

"ಈ ಲಿಫ್ಟಿನ ಓವರ್‌ಲೋಡ್ ಗಂಟೆ ಕೆಟ್ಟಿದೆ ಕಣೇ. ಎಷ್ಟು ಜನ ಹತ್ತಿದ್ರೂ ಬಾಯೇ ಬಿಡಲ್ಲ."

"ನಿಮ್ಮ ಗಂಟೆ ಸರಿ ಮಾಡಿಸ್ಕೊಳ್ಳೋಕೆ ಬಂದಿರೋದು ನಾವು."

"ಗಂಟೆ ಇಲ್ಲದ ಲಿಫ್ಟು ಬಹಳ ಅಪಾಯ. ತಾನು ಕೊನೆಯವನು ಅಂತ ಹತ್ತಿದವನಿಗೇ ಗೊತ್ತಾಗಲ್ಲ."

ಅವರ ಜೊತೆ ಕೆಲಸ ಮಾಡಿ ಅವರೊಂದಿಗೇ ನಿವೃತ್ತನಾದ ಗೆಳೆಯನೊಬ್ಬನಿದ್ದ. ಮೀಸೆ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಕಾಯಿಲೆಯವರನ್ನು ನೋಡಲು ಕಿತ್ತಳೆ ಹಣ್ಣು ಹಿಡಿದು ಬಂದವನನ್ನು ಲಿಫ್ಟಣ್ಣ ಕೂರಲೂ ಬಿಡದೆ ಉಪಕರಣದ ಚೀಲ ತರಲು ಓಡಿಸಿದರು. ಆಸ್ಪತ್ರೆಯವರು ಒಪ್ಪಿದರು, ಒಪ್ಪದಿದ್ದರೆ ಈ ರೋಗಿ ನರ್ಸುಗಳನ್ನು ಬಿಡುವಂತಿರಲಿಲ್ಲ. ಮೀಸೆ ಲಿಫ್ಟಿನ ಪೆಟ್ಟಿಗೆ ಬಿಚ್ಚಿ ಕೂತ. ಲಿಫ್ಟಣ್ಣ ಮಲಗಿದಲ್ಲಿಂದಲೇ ಫೋನಿನಲ್ಲಿ ಹುಕುಂ ಕೊಟ್ಟರು.

"ಸ್ಪ್ರಿಂಗ್ ನೋಡು. ತಂತಿ ಅಲ್ವೋ, ಅದರ ಕೆಳಗಿಂದು. ಹಾಂ. ಈಗ ಜನ ಹತ್ತಿಸು. ಮೇಷ್ಟ್ರನ್ನೂ ಹತ್ತಿಸು, ಅವರು ತೂಕದ ಮನುಷ್ಯ. ಇನ್ನೊಬ್ಬರು... ಇನ್ನೊಬ್ಬರು..."

ಗೋಡೆಯ ಆಚೆ ಗಂಟೆ ಹೊಡೆಯಿತು. ಲಿಫ್ಟಣ್ಣ ಫೋನನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅಷ್ಟು ನೆಮ್ಮದಿಯ ಮುಖವನ್ನು ಹೊಲಿಗೆಯಮ್ಮ ಅವರ ನಿವೃತ್ತಿಯ ದಿನದಿಂದ ಈಚೆಗೆ ನೋಡಿರಲಿಲ್ಲ. ಅವರಿಗೆ ಆ ನೆಮ್ಮದಿಯೇ ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಲಿಫ್ಟಣ್ಣ ಮೆಲ್ಲಗೆ ಕರೆದರು.

"ಇವಳೇ."

"ಏನು? ನೀರು ಬೇಕಾ?"

"ಕೇಳೇ. ಒಂದ್ಸಲ ಕೇಳು."

ಯಾವುದನ್ನು ಎಂದು ಹೇಳಬೇಕಾಗಿರಲಿಲ್ಲ. ಹೊಲಿಗೆಯಮ್ಮ ಹೊದಿಕೆಯ ಅಂಚನ್ನು ಸರಿಮಾಡಿದರು. ಸರಿಯಾಗಿಯೇ ಇದ್ದ ಅಂಚು.

"ತಾನಾಗಿ ಕೇಳ್ಬೇಕು, ಯಾರೂ ಎತ್ತಿಕೊಡಬಾರದು ಅನ್ನೋದು ನಿಮ್ಮದೇ ನಿಯಮ."

"ನಿಯಮ ಮಾಡಿದವನೇ ಸಡಿಲ ಮಾಡ್ತಾ ಇದ್ದೀನಿ. ನೀನು ಕೇಳಿದ್ರೆ ಏನು ಹೇಳ್ಬೇಕು ಅಂತ ಎಷ್ಟು ವರ್ಷದಿಂದ ಉತ್ತರ ಇಟ್ಕೊಂಡಿದ್ದೀನಿ ಗೊತ್ತಾ?"

"ಏನದು ಉತ್ತರ?"

"ಕೇಳಿದ್ರೆ ತಾನೇ ಹೇಳೋದು."

ಹೊಲಿಗೆಯಮ್ಮನ ಬಾಯಿಯ ತುದಿಗೆ ಬಂದಿತ್ತು. ಮೂರು ನಾಲ್ಕು ಮಾತು, ಅಷ್ಟೆ. ಅವರು ಗೋಡೆಯ ಕಡೆ ನೋಡಿದರು, ಈಗಷ್ಟೇ ರಿಪೇರಿಯಾದ ಗಂಟೆ ಅದರ ಹಿಂದೆ ಕಾಯುತ್ತಿತ್ತು.

"ಹಾಗಾದ್ರೆ ಇಟ್ಕೊಂಡಿರಿ," ಎಂದರು. "ಮನೆಗೆ ಬನ್ನಿ. ಅಲ್ಲಿ ಕೇಳ್ತೀನಿ."

"ಹಟಮಾರಿ," ಎಂದರು ಲಿಫ್ಟಣ್ಣ. "ನಿನ್ನಿಂದಾಗಿ ಪೇಟೆ ಬೀಳ್ತಾ ಇಲ್ಲ ಅಂತ ಜನಕ್ಕೆ ಗೊತ್ತಾದ್ರೆ ನಿನಗೆ ಗುಡಿ ಕಟ್ಟಿಬಿಡ್ತಾರೆ."

"ಕಟ್ಟಲಿ. ಒಳಗೆ ಬಲ್ಬು ಹಾಕೋಕೆ ನಿಮ್ಮನ್ನ ಕರೆಯಲ್ಲ."

ಅವರು ನಕ್ಕರು. ನಗುವಿಗೆ ಉಸಿರು ಸಾಲದೆ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ನೋಡಿ, ಇನ್ನು ಸ್ವಲ್ಪ ದಿನದಲ್ಲಿ ಮನೆಗೆ ಕಳಿಸಬಹುದೇನೋ ಎಂದರು. 'ಏನೋ' ಎಂಬುದನ್ನು ಬಿಟ್ಟು ಉಳಿದದ್ದನ್ನು ಹೊಲಿಗೆಯಮ್ಮ ಕೇಳಿಸಿಕೊಂಡರು. ಮನೆಗೆ ಹೋಗುವಾಗ ಹಾಕಿಕೊಳ್ಳಲು ತಂದಿದ್ದ ಅಂಗಿಯ ಒಂದು ಗುಂಡಿ ಸಡಿಲವಾಗಿತ್ತು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದರು. ಲಿಫ್ಟಣ್ಣ ಅವರ ಕೈಯನ್ನೇ ನೋಡುತ್ತಾ ಮಲಗಿದ್ದರು. ಗೋಡೆಯ ಆಚೆ ಲಿಫ್ಟು ಏರಿತು, ಇಳಿಯಿತು. ಹೊಲಿಗೆಯಮ್ಮ ಗುಂಡಿ ಹೊಲಿದು, ಸುತ್ತಲೂ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ತುಂಡು ಮಾಡಿ, "ನೋಡಿ, ಇನ್ನು ಅಂಗಿ ಹರಿದ್ರೂ ಗುಂಡಿ ಬರಲ್ಲ," ಎಂದು ತಲೆ ಎತ್ತಿದರು.

ಲಿಫ್ಟಣ್ಣ ಇನ್ನೂ ಅವರ ಕೈ ಇದ್ದ ಕಡೆಗೇ ನೋಡುತ್ತಿದ್ದರು. ಆದರೆ ನೋಡುತ್ತಿರಲಿಲ್ಲ.

ಪೇಟೆ ಬಿದ್ದಿರಲಿಲ್ಲ. ಯಾರೂ ಏನನ್ನೂ ಕೇಳಿರಲಿಲ್ಲ. ಲೆಕ್ಕದ ಪ್ರಕಾರ ಅವರು ಹೋಗುವಂತೆಯೇ ಇರಲಿಲ್ಲ. ಹೊಲಿಗೆಯಮ್ಮ ಅಂಗಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು, ನರ್ಸನ್ನು ಕರೆಯದೆ, ಬಹಳ ಹೊತ್ತು ಹಾಗೇ ಕೂತಿದ್ದರು. ಕರೆದರೆ ನಿಜವಾಗಿಬಿಡುತ್ತದೆ ಎಂಬುದು ಅವರ ಇನ್ನೊಂದು ಲೆಕ್ಕ.

ಕೆಳಗಿಳಿಸುವ ಹೊತ್ತಿಗೆ ಎಲ್ಲರೂ ಬಂದಿದ್ದರು. ಗಾಲಿಮಂಚವನ್ನು ಲಿಫ್ಟಿನೊಳಗೆ ತಳ್ಳಿ ಆಸ್ಪತ್ರೆಯ ಆಳುಗಳಿಬ್ಬರು ಎರಡು ತುದಿಗೆ ನಿಂತರು. ಮೀಸೆ ಹತ್ತಿದ. ಹಲ್ಲಿನ ಡಾಕ್ಟರು, ಔಷಧಿ ಅಂಗಡಿಯವರು ಗೋಡೆಗೆ ಒತ್ತಿಕೊಂಡರು. ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡು ನಿಂತರು. ಬಾಗಿಲ ಹತ್ತಿರ ಒಂದಿಷ್ಟು ಜಾಗ ಉಳಿದಿತ್ತು. ಹೊಲಿಗೆಯಮ್ಮ ಮಡಿಸಿದ ಅಂಗಿಯನ್ನು ಎದೆಗವಚಿಕೊಂಡು ಒಂದು ಕಾಲು ಒಳಗಿಟ್ಟರು.

ಗಂಟೆ ಹೊಡೆಯಿತು.

ಮೀಸೆ ಮುಖ ಮುಚ್ಚಿಕೊಂಡ. ಉಳಿದವರು ತಂತಮ್ಮ ಪಾದ ನೋಡಿಕೊಂಡರು. ಯಾರೂ ಅಲ್ಲಾಡಲಿಲ್ಲ. ಬೇರೆ ಯಾರಾದರೂ ಇಳಿಯುತ್ತಾರೆ ಎಂದು ಪ್ರತಿಯೊಬ್ಬರೂ ಕಾದರು.

"ಕೊನೆಗೆ ಹತ್ತಿದೋರು ಇಳೀಬೇಕಮ್ಮ," ಎಂದ ಆಳುಗಳಲ್ಲೊಬ್ಬ, ವಿಷಯ ತಿಳಿಯದವನು.

"ಕೊನೆಯವಳು ನಾನೇ," ಎಂದರು ಹೊಲಿಗೆಯಮ್ಮ. "ಆದ್ರೆ ಇಳಿಯಲ್ಲ."

ಇನ್ನೊಂದು ಕಾಲನ್ನೂ ಒಳಗಿಟ್ಟರು. ಗಂಟೆ ಹೊಡೆಯುತ್ತಲೇ ಇತ್ತು, ಆ ಮನುಷ್ಯ ಹೇಳಿ ಮಾಡಿಸಿದ ಗಂಟೆ, ಸ್ವಲ್ಪವೂ ಸಂಕೋಚವಿಲ್ಲದೆ. ಹೊಲಿಗೆಯಮ್ಮ ಗಾಲಿಮಂಚದ ಮೇಲೆ ಬಗ್ಗಿದರು. ಬಿಳಿ ಹೊದಿಕೆಯನ್ನು ಕಿವಿಯ ಹತ್ತಿರ ಒಂದಿಷ್ಟು ಸರಿಸಿದರು.

"ರೀ," ಎಂದರು. "ಯಾವ ಷೇರು ತಗೊಳ್ಳಲಿ?"

ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಅವರು ಬಗ್ಗಿಯೇ ಇದ್ದರು. ಮೇಷ್ಟ್ರು ಅವರ ಪಕ್ಕದಿಂದ ನುಸುಳಿ ಹೊರಗೆ ಇಳಿದರು. ಗಂಟೆ ನಿಂತಿತು. ಬಾಗಿಲು ಮುಚ್ಚಿಕೊಂಡಿತು. ಲಿಫ್ಟು, ಇವರ ತೂಕವನ್ನೆಲ್ಲ ಹೊತ್ತು, ಒಂದು ಚೂರೂ ಅಲುಗದೆ ಕೆಳಗಿಳಿಯಿತು. ಸರಿಯಾಗಿ ಕೆಲಸ ಮಾಡಿದ ಲಿಫ್ಟು.

ಕೆಳಗೆ ವಾಹನ ಬರುವುದು ತಡವಾಯಿತು. ಎಲ್ಲರೂ ಬಾಗಿಲ ಹತ್ತಿರ ಗಾಲಿಮಂಚದ ಸುತ್ತ ನಿಂತರು. ಹಲ್ಲಿನ ಡಾಕ್ಟರಿಗೆ ಕೈ ಸುಮ್ಮನಿರಲಿಲ್ಲ; ಜೇಬಿನಿಂದ ಫೋನು ತೆಗೆದು ನೋಡಿದರು, ನೋಡಿದ್ದಕ್ಕೆ ತಾವೇ ನಾಚಿಕೊಂಡರು. ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲಿಳಿದು ಏದುಸಿರು ಬಿಡುತ್ತಾ ಬಂದರು. ಅವರ ಕಣ್ಣಿನ ಪ್ರಶ್ನೆಗೆ ಡಾಕ್ಟರು ಹೇಳಿದರು:

"ಇವತ್ತೂ ಏರಿದೆ ಮೇಷ್ಟ್ರೇ. ಯಾವತ್ತೂ ಇಷ್ಟು ಮೇಲೆ ಹೋಗಿರಲಿಲ್ಲ."

ಹೊಲಿಗೆಯಮ್ಮ ತಿರುಗಿ ನೋಡಿದರು. ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಹೇಳಿ ಡಾಕ್ಟ್ರೇ," ಎಂದರು. "ಅವರಿಗೆ ಕೇಳಿಸುತ್ತೆ."